ಲೆಕ್ಕ ಬಾರದವಳು ಯಾರು?

"ಅತ್ತಿಗೆ, ನಮ್ಮನೆ ಹೆಣ್ಣುಮಕ್ಕಳಿಗೆ ಲೆಕ್ಕ ಹತ್ತೋದಿಲ್ಲ ಬಿಡಿ" ಎಂದಳು ನಾಗಮಂಗಲದ ನಾದಿನಿ. ಹೊರಗೆ ಅವಳ ಆರನೇ ಕ್ಲಾಸಿನ ಮಗಳು ರಂಗೋಲಿ ಇಡುತ್ತಿದ್ದಳು. 1, 3, 5, 7, ಮತ್ತೆ 5, 3, 1. "ಒಟ್ಟು ಎಷ್ಟು ಚುಕ್ಕಿಯೇ?" ಎಂದೆ. ಎಣಿಸಲೇ ಇಲ್ಲ. "ಇಪ್ಪತ್ತೈದು ಅತ್ತೆ. ಮೇಲಿನ ನಾಲ್ಕು ಸಾಲು ಹದಿನಾರು, ಕೆಳಗಿನ ಮೂರು ಒಂಬತ್ತು" ಎಂದಳು. ನಾಲ್ಕರ ವರ್ಗ, ಮೂರರ ವರ್ಗ! ಇವಳಿಗೆ ಲೆಕ್ಕ ಬಾರದೆ?

ಒಳಗೆ ಅವಳ ಅಣ್ಣ ಕಂತಿನಲ್ಲಿ ಕೊಂಡ ಪಾಠದ ಟ್ಯಾಬ್ ಹಿಡಿದು ಕ್ರಿಕೆಟ್ ನೋಡುತ್ತಿದ್ದ. ಕಂತುಗಳ ಮೊತ್ತ ಬೆಲೆಗಿಂತ ಎಷ್ಟು ಹೆಚ್ಚೆಂದು ಕೂಡಿ ಹೇಳಿದವಳೂ ಈ ಮಗಳೇ. ಅವಳ ಕೈಗೆ ಆ ಟ್ಯಾಬ್ ಬರುವುದು ಅಣ್ಣ ಮಲಗಿದ ಮೇಲೆ. ನನ್ನ ಜಗಳ ಇರುವುದು ಇಲ್ಲಿ.

ದುಡ್ಡು ಸುರಿಯಬೇಕಾದ ಅಗತ್ಯವೇ ಇಲ್ಲ. 2017ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ದೀಕ್ಷಾ ಉಚಿತ. ಬೆಂಗಳೂರಿನ ಅಕ್ಷರ ಫೌಂಡೇಶನ್ನಿನ ಗಣಿತದ ಆಟಗಳ ಆ್ಯಪ್ ಕನ್ನಡದಲ್ಲೇ ಇದೆ, ಅದೂ ಉಚಿತ. ಆಸ್ಟ್ರಿಯಾದ ಮಾರ್ಕುಸ್ ಹೋಹೆನ್ವಾರ್ಟರ್ 2001ರಲ್ಲಿ ಶುರುಮಾಡಿದ ಜಿಯೋಜೀಬ್ರಾದಲ್ಲಿ ತ್ರಿಭುಜದ ಒಂದು ಮೂಲೆ ಹಿಡಿದು ಎತ್ತ ಎಳೆದರೂ ಮೂರು ಕೋನಗಳ ಮೊತ್ತ 180 ಡಿಗ್ರಿಯೇ. ಕರಿಹಲಗೆಯ ಮೇಲೆ ಇದನ್ನು ತೋರಿಸಲಾಗದು. ಒಳ್ಳೆಯದನ್ನು ಒಳ್ಳೆಯದೆನ್ನೋಣ.

ಆದರೆ ವೀಡಿಯೋ ನೋಡಿ ಹೋಳಿಗೆ ತಟ್ಟಲು ಬಂದವರುಂಟೆ? ಕೈ ಆಡಬೇಕು. ಚೌಕಾಬಾರ ಆಡಿಸಿ. ನಾಲ್ಕು ಕವಡೆಗೆ ಎರಡು ಪದೇ ಪದೇ ಬೀಳುತ್ತದೆ, ಎಂಟು ಅಪರೂಪ. ಏಕೆ? ಕವಡೆ ಎರಡು ಮಗ್ಗುಲಿಗೂ ಸಮನಾಗಿ ಬೀಳುವುದೆಂದುಕೊಂಡರೆ, 16 ಬಗೆಗಳಲ್ಲಿ ಎರಡಕ್ಕೆ 6, ಎಂಟಕ್ಕೆ ಒಂದೇ ಒಂದು. ನಾನು ಸೇರಿದ ಶ್ರೀರಂಗಪಟ್ಟಣದಲ್ಲಿ ಕನ್ನಂಬಾಡಿ 124.80 ಅಡಿಗೆ ತುಂಬಿತೇ ಎಂಬುದು ಮನೆಮನೆಯ ಮಾತು. 124ರಿಂದ 123ಕ್ಕೆ ಇಳಿದಾಗ ಹೋಗುವ ನೀರು, 80ರಿಂದ 79ಕ್ಕೆ ಇಳಿದಾಗಿನದಕ್ಕಿಂತ ಹೆಚ್ಚು. ಬಾಯಗಲದ ಬೋಗುಣಿಯೊಂದಿಗೆ ನೀರು ಅಳೆಯಲಿ, ಮಕ್ಕಳಿಗೆ ತಾನೇ ಹೊಳೆಯುತ್ತದೆ. ಪಾಂಡವಪುರದ ತಂಗಿ ಕಬ್ಬಿನ ಗುಂಟೆ, ಟನ್ನುಗಳಲ್ಲೇ ಮಗನಿಗೆ ಸರಾಸರಿ ಕಲಿಸಿದಳು.

ಕೆ.ಆರ್. ಪೇಟೆಯಲ್ಲಿ ನಾನು ಓದುವಾಗ ಮೇಷ್ಟರೊಬ್ಬರು "ನಿನಗೇಕಮ್ಮ ಬೀಜಗಣಿತ?" ಎಂದು ನಕ್ಕಿದ್ದರು. ನಾನು ಪುಸ್ತಕ ಮುಚ್ಚಿದೆ. ಆಮೇಲೆ ಮೂವತ್ತು ವರ್ಷ ಹಾಲಿನ ಲೆಕ್ಕ, ಚೀಟಿ, ಬಡ್ಡಿ, ಮದುವೆ ಖರ್ಚು ಎಲ್ಲವನ್ನೂ ಪೈಸೆ ತಪ್ಪದೆ ನಿಭಾಯಿಸಿದೆ. ಆದರೂ ಯಾರಾದರೂ ಕೇಳಿದರೆ "ನನಗೆ ಲೆಕ್ಕ ಬಾರದು" ಎಂದೇ ಬಾಯಿಗೆ ಬರುತ್ತದೆ. ಆ ಒಂದು ನಗು ಇಷ್ಟು ಮಾಡುತ್ತದೆ.

ಹಾಗಾಗಿ ನನ್ನ ಬೇಡಿಕೆ ಎರಡೇ. ಮನೆಯ ಫೋನು ದಿನಕ್ಕೆ ಒಂದು ಗಂಟೆ ಮಗಳದು, ಅಣ್ಣ ಮಲಗಿದ ಮೇಲಲ್ಲ, ಎಲ್ಲರೂ ಎಚ್ಚರವಿರುವಾಗ. ಪಕ್ಕದಲ್ಲಿ ನೀವೂ ಕುಳಿತು, ತಿಳಿಯದಿದ್ದರೆ ಅವಳನ್ನೇ ಕೇಳಿ. ಇನ್ನೊಂದು, ಹೆಣ್ಣಿಗೆ ಲೆಕ್ಕ ಹತ್ತದೆಂಬ ಮಾತನ್ನು ಅವಳ ಕಿವಿಗೆ ಬೀಳುವಂತೆ ಆಡಬೇಡಿ. ನಾದಿನಿಗೂ ಇದನ್ನೇ ಹೇಳಿ ಬಂದಿದ್ದೇನೆ. ಅವಳು ಮುನಿಸಿಕೊಂಡಿದ್ದಾಳೆ. ಮುನಿಯಲಿ, ಮಗಳು ಓದಲಿ.