ಮನೆಯ ಕಾರಿಗೆ ಹೊಸ ಟಯರು

ಶಿವಮೊಗ್ಗೆಯ ಕಡೆಯ ವಾಚಕರೊಬ್ಬರು ನಮಗೆ ಕಾಗದ ಬರೆದು ಹೀಗೆ ಕೇಳಿದ್ದಾರೆ: ತಮ್ಮ ಮನೆಯ ಕಾರು ಐದು ವರ್ಷಗಳಲ್ಲಿ 42,000 ಕಿಲೋಮೀಟರು ಓಡಿದೆ, ಟಯರುಗಳು ಸವೆದಿವೆ, ಅಮೆರಿಕದಲ್ಲಿರುವ ಮಗನು ‘ಆಲ್ ಸೀಸನ್’ ಟಯರನ್ನೇ ಹಾಕಿಸಿರೆಂದು ಹೇಳುತ್ತಾನೆ, ಅಂಗಡಿಯವನಾದರೋ ಆ ಹೆಸರನ್ನು ಕೇಳಿ ನಗುತ್ತಾನೆ. ಯಾರ ಮಾತನ್ನು ನಂಬುವುದು? ನಾಲ್ಕನ್ನೂ ಒಮ್ಮೆಗೇ ಕೊಳ್ಳಲು ಈಗ ಅನುಕೂಲವಿಲ್ಲ. ಎರಡನ್ನು ಮಾತ್ರ ಹಾಕಿಸಿದರೆ ಸಾಲದೆ?

ಮಗನ ಮಾತೂ ಸುಳ್ಳಲ್ಲ, ಅಂಗಡಿಯವನ ನಗೆಯೂ ತಪ್ಪಲ್ಲ. ಹಿಮ ಬೀಳುವ ದೇಶಗಳಲ್ಲಿ ಜನರು ಚಳಿಗಾಲಕ್ಕೆ ಒಂದು ಜೊತೆ, ಬೇಸಿಗೆಗೆ ಒಂದು ಜೊತೆ ಎಂದು ಟಯರುಗಳನ್ನು ಬದಲಾಯಿಸುವುದುಂಟು. ಬೇಸಿಗೆಯ ರಬ್ಬರು ಸುಮಾರು 7 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಬಿರುಸಾಗಿ ರಸ್ತೆಯನ್ನು ಹಿಡಿಯಲಾರದು. ಕೆನಡದ ಕ್ವಿಬೆಕ್ ಪ್ರಾಂತದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟಯರಿಲ್ಲದೆ ಕಾರನ್ನು ಓಡಿಸಕೂಡದೆಂದು ಕಾನೂನೇ ಇರುವುದು. ಈ ಎರಡು ಜೊತೆಗಳ ತಾಪತ್ರಯವನ್ನು ತಪ್ಪಿಸಲು ಅಲ್ಲಿಯವರು ಮಾಡಿಕೊಂಡ ಮಧ್ಯಮ ಮಾರ್ಗವೇ ‘ಆಲ್ ಸೀಸನ್’. ನಮ್ಮಲ್ಲಿ ಹಿಮವೆಲ್ಲಿ ಬಂತು? ಚೈತ್ರ ವೈಶಾಖಗಳಲ್ಲಿ ರಾಯಚೂರು ಕಲಬುರಗಿಗಳ ಕಡೆ ಬಿಸಿಲು 40 ಡಿಗ್ರಿಯನ್ನು ದಾಟುವುದು. ಆಷಾಢ ಶ್ರಾವಣಗಳಲ್ಲಿ ಮಲೆನಾಡಿನ ರಸ್ತೆಗಳ ಮೇಲೆ ಹಳ್ಳದಂತೆ ನೀರು ಹರಿಯುವುದು. ನಮ್ಮ ದೇಶದ ಅಂಗಡಿಗಳಲ್ಲಿ ದೊರೆಯುವ ಸಾಧಾರಣ ಕಾರಿನ ಟಯರು ಈ ಎರಡನ್ನೂ ತಾಳುವುದಕ್ಕಾಗಿಯೇ ಆದದ್ದು. ಆದುದರಿಂದ ಹೆಸರನ್ನು ಹುಡುಕಿಕೊಂಡು ಹೋಗಬೇಕಾದುದಿಲ್ಲ. ನಾವು ಕೇಳಬೇಕಾದ ಪ್ರಶ್ನೆ ಒಂದೇ: ನೀರು ನಿಂತ ರಸ್ತೆಯಲ್ಲಿ ಇದು ನಿಲ್ಲುವುದೋ ಇಲ್ಲವೋ?

ಒಂದು ಟಯರು ಎಷ್ಟೇ ದೊಡ್ಡದಾಗಿ ಕಂಡರೂ ನೆಲವನ್ನು ಮುಟ್ಟುವುದು ಸುಮಾರು ಅಂಗೈಯಗಲದ ಜಾಗದಲ್ಲಿ ಮಾತ್ರ. ಅಂಥ ನಾಲ್ಕು ಅಂಗೈಗಳ ಮೇಲೆ ಇಡೀ ಸಂಸಾರವು ಕುಳಿತಿರುವುದೆಂಬುದನ್ನು ನಾವು ಮರೆತಿರುತ್ತೇವೆ. ಟಯರಿನ ಮೇಲ್ಮೈಯಲ್ಲಿ ಕೊರೆದಿರುವ ಕಾಲುವೆಗಳು ಅಲಂಕಾರಕ್ಕಾಗಿ ಇರುವುದಲ್ಲ. ಕೆಳಗೆ ಸಿಕ್ಕಿದ ನೀರು ಅವುಗಳ ಮೂಲಕ ಹೊರಕ್ಕೆ ಹರಿದುಹೋಗಿ, ರಬ್ಬರು ಡಾಂಬರನ್ನು ಮುಟ್ಟುವುದು. ಕಾಲುವೆ ಸವೆದು ತೆಳುವಾದರೆ ನೀರಿಗೆ ಹೋಗಲು ದಾರಿಯಿಲ್ಲದೆ, ವೇಗವಿದ್ದಾಗ ಅದು ಚಕ್ರವನ್ನೇ ಎತ್ತಿ ತೇಲಿಸುವುದು. ಆಗ ಬ್ರೇಕನ್ನು ಒತ್ತಿದರೂ ಅಷ್ಟೆ, ಸ್ಟೀರಿಂಗನ್ನು ತಿರುಗಿಸಿದರೂ ಅಷ್ಟೆ.

ಹೊಸ ಟಯರಿನಲ್ಲಿ ಈ ಕಾಲುವೆಗಳ ಆಳ ಸುಮಾರು 7-8 ಮಿಲಿಮೀಟರು. ಕಾಲುವೆಯ ತಳದಲ್ಲಿ ಅಲ್ಲಲ್ಲಿ ಅಡ್ಡಲಾಗಿ ಪುಟ್ಟ ದಿಣ್ಣೆಗಳಿರುತ್ತವೆ. ಮೇಲ್ಮೈ ಸವೆದು ಆ ದಿಣ್ಣೆಗೆ ಸಮವಾದರೆ ಉಳಿದ ಆಳ 1.6 ಮಿಲಿಮೀಟರು ಎಂದರ್ಥ. ಅಲ್ಲಿಗೆ ಟಯರಿನ ಆಯುಸ್ಸು ಮುಗಿಯಿತು. ಆದರೆ ಮಳೆಯ ಸೀಮೆಯಲ್ಲಿ ಇರುವವರು ಅಷ್ಟರವರೆಗೆ ಕಾಯುವುದು ವಿವೇಕವಲ್ಲವೆಂದು ನಮ್ಮ ಅಭಿಪ್ರಾಯ. 3 ಮಿಲಿಮೀಟರಿಗೆ ಇಳಿಯುತ್ತಲೇ, ಅದೂ ಮುಂಗಾರು ಹಿಡಿಯುವುದಕ್ಕೆ ಮೊದಲೇ, ಬದಲಾಯಿಸುವುದು ಲೇಸು. ಅಳೆಯುವುದಕ್ಕೆ ಯಂತ್ರವೇನೂ ಬೇಡ. ಒಂದು ಬೆಂಕಿಕಡ್ಡಿಯನ್ನು ಕಾಲುವೆಯಲ್ಲಿ ನೆಟ್ಟಗೆ ನಿಲ್ಲಿಸಿ, ರಬ್ಬರಿನ ಮಟ್ಟಕ್ಕೆ ಉಗುರಿನಿಂದ ಗುರುತು ಮಾಡಿ, ಮಕ್ಕಳ ಅಳತೆಪಟ್ಟಿಯ ಮೇಲಿಟ್ಟು ನೋಡಿದರೆ ಸಾಕು. ಒಳ ಅಂಚು, ನಡು, ಹೊರ ಅಂಚು, ಮೂರು ಕಡೆಯೂ ನೋಡತಕ್ಕದ್ದು. ನಡುವೆ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಾಗಿತ್ತು. ಎರಡು ಅಂಚುಗಳೂ ಸವೆದಿದ್ದರೆ ಗಾಳಿ ಕಡಮೆಯಾಗಿತ್ತು. ಒಂದೇ ಅಂಚು ಸವೆದಿದ್ದರೆ ಪ್ರಾಯಶಃ ಚಕ್ರಗಳ ಅಲೈನ್‌ಮೆಂಟು ಕೆಟ್ಟಿದೆ. ಅದನ್ನು ಸರಿಪಡಿಸದೆ ಹೊಸ ಟಯರು ಹಾಕಿಸಿದರೆ ಹಣವನ್ನು ರಸ್ತೆಗೆ ಉಜ್ಜಿದಂತೆಯೇ ಸರಿ.

ಇನ್ನು ಎರಡು ಟಯರುಗಳ ಪ್ರಶ್ನೆ. ಇದರಲ್ಲಿ ನಾವೇ ಪೆಟ್ಟು ತಿನ್ನುವುದರಲ್ಲಿ ಉಳಿದವರು.

2019ನೆಯ ಇಸವಿಯಲ್ಲಿ ನಮ್ಮ ಕಾರಿನ ಮುಂದಿನ ಟಯರುಗಳು ಸವೆದುಹೋದುವು. ಈಗಿನ ಸಣ್ಣ ಕಾರುಗಳಲ್ಲಿ ಎಂಜಿನಿನ ಶಕ್ತಿಯು ಮುಂದಿನ ಚಕ್ರಗಳಿಗೇ ಹೋಗುವುದರಿಂದ ಅವೇ ಬೇಗ ಸವೆಯುವುವು. ಎರಡನ್ನು ಕೊಂಡೆವು. “ಎಳೆಯೋದು ಮುಂದಿನ ಚಕ್ರ, ತಿರುಗೋದು ಮುಂದಿನ ಚಕ್ರ, ಹೊಸದು ಮುಂದಕ್ಕೇ ಇರಲಿ ಸ್ವಾಮಿ” ಎಂದು ಅಂಗಡಿಯವನು ಹೇಳಿದನು. ನಮಗೂ ಅದು ನ್ಯಾಯವೆಂದೇ ತೋರಿತು. ಹಿಂದಿನವು ಅರೆಗಿಂತ ಹೆಚ್ಚು ಸವೆದಿದ್ದುವು. ದೀಪಾವಳಿಯವರೆಗೆ ನಡೆಯಲೆಂದು ಬಿಟ್ಟೆವು. ಆ ಆಷಾಢದಲ್ಲಿ ತಾಯಿಯವರನ್ನೂ ಮಕ್ಕಳನ್ನೂ ಕೂರಿಸಿಕೊಂಡು ಆಗುಂಬೆಯ ಘಾಟಿಯನ್ನು ಇಳಿಯುತ್ತಿದ್ದೆವು. ಮಳೆ ಬಿಡದೆ ಹೊಯ್ಯುತ್ತಿತ್ತು. ನಮ್ಮ ವೇಗವೇನೂ ಹೆಚ್ಚಾಗಿರಲಿಲ್ಲ. ಒಂದು ತಿರುವಿನಲ್ಲಿ ಎದುರಿಗೆ ವಾಹನ ಬಂದುದನ್ನು ಕಂಡು ಬ್ರೇಕನ್ನು ಮುಟ್ಟಿದೆವು. ಮೂತಿ ನಮ್ಮ ಮಾತನ್ನು ಕೇಳಿತು, ಬೆನ್ನು ಕೇಳಲಿಲ್ಲ. ಕಾರಿನ ಹಿಂಭಾಗವು ಬಾಗಿಲು ತೆರೆದಂತೆ ಹೊರಕ್ಕೆ ಸರಿದು, ರಸ್ತೆಗೆ ಅಡ್ಡಲಾಗಿ, ಕಣಿವೆಯ ಕಡೆಯ ಗೋಡೆಗೆ ಒಂದು ಮೊಳ ದೂರದಲ್ಲಿ ನಿಂತಿತು. ಎದುರಿನವನೂ ನಿಂತನು. ಯಾರಿಗೂ ಏನೂ ಆಗಲಿಲ್ಲ. ತಾಯಿಯವರು ಬಹಳ ಹೊತ್ತಿನ ಮೇಲೆ, “ಹಿಂದೆ ಕೂತವರು ನಾವಲ್ಲವೇನಪ್ಪ, ಹೊಸದನ್ನೆಲ್ಲ ಮುಂದಕ್ಕೇ ಹಾಕಿಸಿದೆಯಲ್ಲ” ಎಂದರು. ಅವರು ಬೇಸರದಿಂದ ಆಡಿದ ಆ ಮಾತು ಯಂತ್ರಶಾಸ್ತ್ರಕ್ಕೂ ಒಪ್ಪುವಂಥದೇ ಎಂಬುದು ನಮಗೆ ಅನಂತರ ತಿಳಿಯಿತು.

ಕಾರಣವಿಷ್ಟು. ಇಳಿಜಾರಿನಲ್ಲಾಗಲಿ, ಬ್ರೇಕು ಹಾಕಿದಾಗಲಾಗಲಿ ಕಾರಿನ ಭಾರವೆಲ್ಲ ಮುಂದಕ್ಕೆ ವಾಲುವುದು. ಹಿಂದಿನ ಚಕ್ರಗಳು ಹಗುರವಾಗುವುವು. ಹಗುರವಾದ ಚಕ್ರಕ್ಕೆ ಸವೆದ ಟಯರೂ ಸೇರಿದರೆ ಹಿಡಿತ ತಪ್ಪುವುದು ಸುಲಭ. ಮುಂದಿನ ಚಕ್ರ ಜಾರಿದರೆ ಕಾರು ತಿರುಗದೆ ನೇರವಾಗಿ ಹೋಗಲು ನೋಡುವುದು; ವೇಗವನ್ನು ತಗ್ಗಿಸಿದರೆ ಬಹುಮಟ್ಟಿಗೆ ಮತ್ತೆ ಹಿಡಿತ ಬರುವುದು. ಹಿಂದಿನದು ಜಾರಿದರೆ ಕಾರೇ ಸುತ್ತಿಕೊಳ್ಳುವುದು, ಅದನ್ನು ತಿದ್ದುವುದು ಪಳಗಿದ ಸಾರಥಿಗಳಿಗೂ ಕಷ್ಟ. ಆದುದರಿಂದಲೇ ಎರಡು ಹೊಸ ಟಯರುಗಳನ್ನು ಕೊಂಡರೆ ಹಿಂದಕ್ಕೆ ಹಾಕಿಸಿ, ಉಳಿದ ಹಳೆಯವುಗಳಲ್ಲಿ ಒಳ್ಳೆಯ ಜೊತೆಯನ್ನು ಮುಂದಕ್ಕೆ ತರಬೇಕೆಂದು ಹೆಸರಾದ ಟಯರು ತಯಾರಕರು ಹೇಳುತ್ತಾರೆ. ಅಂಗಡಿಯ ಹುಡುಗನು ತಲೆಯಾಡಿಸಿದರೂ ಸರಿಯೆ, ಈ ಒಂದು ವಿಷಯದಲ್ಲಿ ಗೃಹಸ್ಥರು ತಮ್ಮ ಮಾತನ್ನು ಬಿಡಕೂಡದು.

ಕೊಳ್ಳುವಾಗ ಟಯರಿನ ಪಕ್ಕದಲ್ಲಿ ಅಚ್ಚಾಗಿರುವ ಅಕ್ಷರಗಳನ್ನು ಓದಲು ಕಲಿಯಬೇಕು. ಉದಾಹರಣೆಗೆ 185/65 ಆರ್ 15 88 ಟಿ ಎಂದಿದ್ದರೆ, ಅಗಲ 185 ಮಿಲಿಮೀಟರು. ಪಕ್ಕದ ಎತ್ತರ ಆ ಅಗಲದಲ್ಲಿ ಶೇಕಡ 65. ‘ಆರ್’ ಎಂಬುದು ರೇಡಿಯಲ್ ಕಟ್ಟಡ. ರಿಮ್ಮಿನ ವ್ಯಾಸ 15 ಅಂಗುಲ. 88 ಎಂಬ ಅಂಕಿಯು ಒಂದು ಟಯರು 560 ಕಿಲೋಗ್ರಾಂ ಭಾರವನ್ನು ಹೊರಬಲ್ಲುದೆಂದೂ, ‘ಟಿ’ ಎಂಬುದು ಗಂಟೆಗೆ 190 ಕಿಲೋಮೀಟರು ವೇಗವನ್ನು ತಾಳಬಲ್ಲುದೆಂದೂ ತಿಳಿಸುವುವು. ಕಾರಿನೊಡನೆ ಬಂದುದಕ್ಕಿಂತ ಈ ಕೊನೆಯೆರಡು ಕಡಮೆಯಾಗಿರಕೂಡದು. ಅಗಲವಾದ ಟಯರು ಹಾಕಿಸಿದರೆ ಕಾರಿಗೆ ಗಾಂಭೀರ್ಯ ಬರುವುದೆಂದು ಯುವಕರು ಹಟ ಹಿಡಿಯುವುದುಂಟು. ಅಗಲವಾದ ಟಯರು ನಿಂತ ನೀರಿನ ಮೇಲೆ ಇನ್ನಷ್ಟು ಬೇಗ ತೇಲುವುದೆಂದು ಅವರಿಗೆ ಹೇಳಬಹುದು. ಕೇಳುವರೆಂದು ನಾವು ಭರವಸೆ ಕೊಡಲಾರೆವು.

ಇನ್ನೊಂದು ಗುರುತು ಎಲ್ಲಕ್ಕಿಂತಲೂ ಮುಖ್ಯವಾದುದು. ಅದನ್ನು ಅಂಗಡಿಯಲ್ಲಿ ತಾವಾಗಿ ತೋರಿಸುವವರು ಕಡಮೆ. ಪಕ್ಕದ ಮೇಲೆ ಅಕ್ಷರಗಳ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 2423 ಎಂದಿದ್ದರೆ ಅದು 2023ನೆಯ ಇಸವಿಯ 24ನೆಯ ವಾರದಲ್ಲಿ ತಯಾರಾದುದು. ರಬ್ಬರು ಉಪಯೋಗಿಸದೆ ಇಟ್ಟರೂ ಮುಪ್ಪಾಗುವುದು. ಬಿಸಿಲಿನ ನಾಡಿನಲ್ಲಿ ಇನ್ನೂ ಬೇಗ. ಒಮ್ಮೆ ನಮಗೆ ಒಂದಂಗಡಿಯಲ್ಲಿ ಕರಿಯ ಮೆರುಗು ಬಳಿದ, ಹೊಳೆಹೊಳೆಯುವ ಟಯರನ್ನು ತೋರಿಸಿ ಬೆಲೆಯಲ್ಲಿಯೂ ರಿಯಾಯಿತಿ ಕೊಡುವೆನೆಂದರು. ಒರಸಿ ನೋಡಿದರೆ ನಾಲ್ಕು ವರ್ಷದ ಹಳೆಯ ಸರಕು. ಒಂದು ವರ್ಷಕ್ಕಿಂತ ಹಿಂದಿನದನ್ನು ನಾವಂತೂ ಕೊಳ್ಳುವುದಿಲ್ಲ. ಬಿ.ಐ.ಎಸ್. ಸಂಸ್ಥೆಯ ಐ.ಎಸ್.ಐ. ಮುದ್ರೆಯು ನಮ್ಮ ದೇಶದಲ್ಲಿ ಕಾರಿನ ಟಯರುಗಳಿಗೆ ಕಡ್ಡಾಯ, ಅದನ್ನೂ ನೋಡಿಕೊಳ್ಳಬೇಕು.

ಈ ಮುಪ್ಪಿನ ಮಾತು ವಿಶೇಷವಾಗಿ ಅನ್ವಯಿಸುವುದು ಹಿರಿಯರಿರುವ ಮನೆಗಳಿಗೆ. ವಾರಕ್ಕೊಮ್ಮೆ ದೇವಸ್ಥಾನಕ್ಕೋ ವೈದ್ಯರಲ್ಲಿಗೋ ಹೋಗಿಬರುವ ಕಾರಿನಲ್ಲಿ ಒಂಬತ್ತು ವರ್ಷವಾದರೂ ಕಾಲುವೆಗಳು ಆಳವಾಗಿಯೇ ಕಾಣುವುವು. ಆದರೆ ಪಕ್ಕದಲ್ಲಿ ಬೆರಳಿಟ್ಟು ಬಾಗಿಸಿ ನೋಡಿದರೆ ಒಣಗಿದ ಕೆರೆಯ ಮಣ್ಣಿನಂತೆ ಬಿರುಕುಗಳು. ಐದು ವರ್ಷ ಕಳೆದ ಮೇಲೆ ವರ್ಷಕ್ಕೊಮ್ಮೆ ಬಲ್ಲವರಿಗೆ ತೋರಿಸಬೇಕು; ಹತ್ತು ವರ್ಷವಾದದ್ದು ಎಷ್ಟು ಚೆನ್ನಾಗಿದ್ದರೂ ತೆಗೆಸಬೇಕು. ನಾವು ಆರೇಳಕ್ಕೇ ನಿಲ್ಲಿಸುವವರು. ಗುಂಡಿಗೆ ಬಿದ್ದು ಪಕ್ಕದಲ್ಲಿ ಬೋರೆಹಣ್ಣಿನಂತೆ ಉಬ್ಬು ಎದ್ದಿದ್ದರೆ ಒಳಗಿನ ದಾರಗಳು ಹರಿದಿವೆಯೆಂದರ್ಥ. ಅದಕ್ಕೆ ರಿಪೇರಿಯಿಲ್ಲ, ಅಂದೇ ಬದಲಾಯಿಸಬೇಕು.

ಗಾಳಿಯ ವಿಷಯದಲ್ಲಿ ಒಂದು ತಪ್ಪು ನಂಬಿಕೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಬಿಸಿಲಿಗೆ ಗಾಳಿ ಹಿಗ್ಗಿ ಟಯರು ಸಿಡಿಯುವುದೆಂದು ಬೇಸಿಗೆಯಲ್ಲಿ ಗಾಳಿಯನ್ನು ಕಡಮೆ ಮಾಡಿಸುತ್ತಾರೆ. ಆಗುವುದು ಇದಕ್ಕೆ ವಿರುದ್ಧ. ಗಾಳಿ ಕಡಮೆಯಾದ ಟಯರಿನ ಪಕ್ಕಗಳು ಸುತ್ತುಸುತ್ತಿಗೂ ಮಡಿಸಿ ಬಿಚ್ಚಿ ಒಳಗೇ ಕಾಯುವುವು. 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿಯಂಥ ರಸ್ತೆಯಲ್ಲಿ ಐದು ಜನರನ್ನೂ ಸಾಮಾನನ್ನೂ ಹೊತ್ತು ಒಂದೇ ಸಮನೆ ಓಡುವಾಗ ಆ ಕಾವೇ ಟಯರನ್ನು ಒಡೆಯುವುದು. ಚಾಲಕನ ಬಾಗಿಲ ಬಳಿ ಅಂಟಿಸಿರುವ ಚೀಟಿಯಲ್ಲಿ ಎಷ್ಟು ಹೇಳಿದೆಯೋ ಅಷ್ಟನ್ನು, ಬೆಳಿಗ್ಗೆ ಚಕ್ರ ತಣ್ಣಗಿರುವಾಗ, ತಿಂಗಳಿಗೊಮ್ಮೆಯಾದರೂ ತುಂಬಿಸುವುದು. ಪೂರ್ತಿ ಜನ ಕೂರುವ ದಿನ ಎಷ್ಟು ಬೇಕೆಂಬುದನ್ನೂ ಆ ಚೀಟಿಯಲ್ಲಿ ಪ್ರತ್ಯೇಕವಾಗಿ ಬರೆದಿರುವುದುಂಟು.

ಕಾಗದ ಬರೆದ ಮಹಾಶಯರಿಗೆ ನಮ್ಮ ಉತ್ತರ. ಮೊದಲು ಬೆಂಕಿಕಡ್ಡಿಯಿಂದ ನಾಲ್ಕನ್ನೂ ಅಳೆಯಿರಿ. ಒಂದು ಜೊತೆಯಲ್ಲಿಯಾದರೂ 3 ಮಿಲಿಮೀಟರಿಗಿಂತ ಚೆನ್ನಾಗಿ ಮೇಲೆ ಉಳಿದಿದ್ದರೆ, ಈಗ ಎರಡನ್ನೇ ಕೊಂಡು ಹಿಂದಕ್ಕೆ ಹಾಕಿಸಿ, ಆ ಹಳೆಯ ಜೊತೆಯನ್ನು ಮುಂದಕ್ಕೆ ತರಿಸಬಹುದು. ಉಳಿದೆರಡನ್ನು ಬರುವ ವರ್ಷದ ಮುಂಗಾರಿಗೆ ಮೊದಲು ನೋಡಿಕೊಳ್ಳಿ. ಉಳಿದಿಲ್ಲವಾದರೆ ನಾಲ್ಕನ್ನೂ ಕೊಳ್ಳುವವರೆಗೆ ಮಳೆಯಲ್ಲಿ ಘಾಟಿಯ ಪ್ರಯಾಣವನ್ನು ಮುಂದಕ್ಕೆ ಹಾಕಿರಿ, ಬಸ್ಸುಗಳಿವೆ. ಹೊಸದನ್ನು ಹಾಕಿಸಿದ ದಿನವೇ ಅಲೈನ್‌ಮೆಂಟು, ಬ್ಯಾಲೆನ್ಸಿಂಗ್ ಎರಡನ್ನೂ ಮಾಡಿಸಿ, ಟಯರಿನ ನಾಲ್ಕಂಕಿಯ ತಾರೀಖನ್ನು ರಸೀತಿಯ ಮೇಲೆಯೇ ಬರೆಯಿಸಿಕೊಳ್ಳುವುದು. ಮೊದಲ ಕೆಲವು ದಿನ ಹೊಸ ಟಯರಿನ ಮೈ ನುಣುಪಾಗಿರುವುದರಿಂದ ನಿಧಾನವಾಗಿಯೇ ಓಡಿಸಿರಿ.