ಸೇಡು ತೀರಿದರೆ ನ್ಯಾಯ ಸಿಕ್ಕಂತಲ್ಲ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಊರುಗಳಲ್ಲಿ ಇವತ್ತಿಗೂ ‘ಕುರುಕ್ಷೇತ್ರ’ ನಾಟಕ ಕಟ್ಟುತ್ತಾರೆ. ಭೀಮ ದುಶ್ಶಾಸನನ ಎದೆ ಬಗೆಯುವ ಹೊತ್ತಿಗೆ ಶಿಳ್ಳೆಯೋ ಶಿಳ್ಳೆ. ಅಭಿಮಾನಿಗಳು ರಂಗಕ್ಕೇ ಹತ್ತಿ ಪಾತ್ರಧಾರಿಗೆ ಹಾರ ಹಾಕಿ, ಎದೆಗೆ ನೋಟು ಚುಚ್ಚಿ ಇಳಿಯುತ್ತಾರೆ. ಭೀಮನ ಆ ಸೇಡನ್ನು ನ್ಯಾಯವೆಂದು ಕೊಂಡಾಡುವುದು ಸಲ್ಲದು ಎಂದಿದ್ದಕ್ಕೆ ಹಲವರು ನನ್ನ ಮೇಲೆ ಸಿಟ್ಟಾಗಿದ್ದಾರೆ. ಅವರಿಗೆ ಉತ್ತರ ಕೊಡಲೇಬೇಕು.

ತುಂಬಿದ ಸಭೆಯಲ್ಲಿ ಹಿರಿಯರೆಲ್ಲ ಬಾಯಿ ಮುಚ್ಚಿ ಕೂತಾಗ ಸೇಡಲ್ಲದೆ ಬೇರೆ ದಾರಿ ಏನಿತ್ತು ಎನ್ನುತ್ತಾರೆ. ಹಿರಿಯರ ಮೌನ ಮಹಾಪಾಪ, ಎರಡು ಮಾತಿಲ್ಲ. ಆದರೆ ದ್ರೌಪದಿ ಮೊದಲು ಬೇಡಿದ್ದು ತೀರ್ಪನ್ನು. ತನ್ನನ್ನೇ ಸೋತವನಿಗೆ ಹೆಂಡತಿಯನ್ನು ಪಣಕ್ಕಿಡುವ ಹಕ್ಕುಂಟೇ ಎಂದು ಕೇಳಿದಳು. ಭೀಷ್ಮನೂ ಧರ್ಮ ಸೂಕ್ಷ್ಮವೆಂದು ಜಾರಿಕೊಂಡ. ಹದಿಮೂರು ವರ್ಷದ ನಂತರವೂ ಪಾಂಡವರು ಐದು ಊರು ಸಾಕೆಂದರು. ವ್ಯಾಸಭಾರತದ ಉದ್ಯೋಗಪರ್ವದಲ್ಲಿ ಸ್ವತಃ ಭೀಮನೇ ಸಂಧಿಯ ಪರ ಮಾತಾಡಿ ಕೃಷ್ಣನನ್ನು ಬೆರಗುಗೊಳಿಸುತ್ತಾನೆ. ನಮ್ಮ ರಂಗದ ಭೀಮನ ಬಾಯಲ್ಲಿ ಆ ಮಾತು ನಾನು ಕೇಳಿಲ್ಲ.

ರನ್ನ ಭೀಮನನ್ನೇ ನಾಯಕನನ್ನಾಗಿ ಮಾಡಿದ್ದಾನಲ್ಲ ಎಂಬುದು ಇನ್ನೊಂದು ವಾದ. ನಿಜ, ತನ್ನ ಆಶ್ರಯದಾತ ಚಾಲುಕ್ಯ ಸತ್ಯಾಶ್ರಯನನ್ನು ಭೀಮನಿಗೆ ಸಮೀಕರಿಸಿ ‘ಸಾಹಸಭೀಮ ವಿಜಯ’ ಬರೆದ. ಆದರೆ ಅದೇ ಕಾವ್ಯದಲ್ಲಿ ದುರ್ಯೋಧನನನ್ನು ರಣರಂಗದ ಹೆಣಗಳ ನಡುವೆ ನಡೆಸಿದವನೂ ಅವನೇ. ದುಶ್ಶಾಸನನ ಹೆಣದ ಮುಂದೆ ಆತ ಬರೀ ಅಣ್ಣ. ಕರ್ಣನ ಮುಂದೆ ಗೆಳೆಯ. ಶತ್ರುವಿನ ಮಗ ಅಭಿಮನ್ಯುವಿನ ಮುಂದೆ ಅಂಥದೇ ಸಾವು ತನಗೂ ಬರಲೆಂದು ಕೈಮುಗಿಯುವವನು. ಸೇಡನ್ನಷ್ಟೇ ಹೊಗಳಬೇಕಿದ್ದ ಕವಿಗೆ ಈ ಅಳು ಯಾಕೆ ಬೇಕಿತ್ತು? ಗೆದ್ದವನ ಗದೆಗಿಂತ ಸೋತವನ ಕಣ್ಣೀರನ್ನೇ ಕನ್ನಡಿಗರು ಸಾವಿರ ವರ್ಷದಿಂದ ನೆನೆಯುತ್ತಿದ್ದಾರೆ.

ಮುಯ್ಯಿಗೆ ಮುಯ್ಯಿ ತೀರಿದರೆ ಲೆಕ್ಕ ಚುಕ್ತಾ ಎನ್ನುವವರು ಅಶ್ವತ್ಥಾಮನಿಗೆ ಏನು ಹೇಳುತ್ತಾರೆ? ಅವನಪ್ಪನನ್ನೂ ಸುಳ್ಳು ಹೇಳಿಯೇ ಕೊಲ್ಲಿಸಿದ್ದರು. ಬೆಳಗಾಗಲಿ, ಹಿರಿಯರನ್ನು ಕೇಳೋಣ ಎಂದು ಸೋದರಮಾವ ಕೃಪ ತಡೆದ. ಇವನು ಕೇಳಲಿಲ್ಲ, ಪಾಳೆಯಕ್ಕೆ ನುಗ್ಗಿ ಮಲಗಿದ್ದವರನ್ನು ಕೊಂದ, ದ್ರೌಪದಿಯ ಐದು ಮಕ್ಕಳನ್ನೂ ಬಿಡಲಿಲ್ಲ. ಭೀಮನದು ನ್ಯಾಯವಾದರೆ ಇದೂ ನ್ಯಾಯವೇ ಆಗಬೇಕು. ಪಾವಗಡದವರು ಅಂಥ ರಾತ್ರಿಯನ್ನು ಕಣ್ಣಾರೆ ಕಂಡಿದ್ದಾರೆ. 2005ರ ಫೆಬ್ರವರಿಯಲ್ಲಿ ಚಿಕ್ಕಮಗಳೂರಿನ ಕಾಡಿನಲ್ಲಿ ಪೊಲೀಸರ ಗುಂಡಿಗೆ ನಕ್ಸಲ್ ನಾಯಕ ಸಾಕೇತ್ ರಾಜನ್ ಬಲಿಯಾದ ಕೆಲವೇ ದಿನಕ್ಕೆ, ವೆಂಕಟಮ್ಮನಹಳ್ಳಿಯ ಶಾಲೆಯಲ್ಲಿ ಬೀಡುಬಿಟ್ಟಿದ್ದ ಮೀಸಲು ಪೊಲೀಸರ ಮೇಲೆ ನಕ್ಸಲರು ರಾತ್ರಿ ಎರಗಿದರು. ಪೊಲೀಸರ ಜೊತೆ ಒಬ್ಬ ನಾಗರಿಕನೂ ಸತ್ತ. ಆ ಸಾವುಗಳಿಂದ ಯಾರಿಗೆ ಯಾವ ನ್ಯಾಯ ಸಿಕ್ಕಿತು, ಹೇಳಿ.

ಕೋರ್ಟಿಗೆ ಅಲೆದು ಚಪ್ಪಲಿ ಸವೆಯಿತು ಎಂಬ ಸಂಕಟ ಮಾತ್ರ ಸುಳ್ಳಲ್ಲ. ಬದುವಿನ ಜಗಳವೂ ವರ್ಷಗಟ್ಟಲೆ ಎಳೆಯುತ್ತದೆ. ಆದರೂ ಮಧುಗಿರಿಯ ಕೋರ್ಟಿನಲ್ಲಿ ತೀರ್ಪು ತಪ್ಪಾದರೆ ಹೈಕೋರ್ಟಿದೆ. ಮಚ್ಚಿನ ಏಟಿಗೆ ಮೇಲ್ಮನವಿ ಇಲ್ಲ.

ಡ್ರಾಮಾ ಮೇಷ್ಟ್ರುಗಳಲ್ಲಿ ನನ್ನದೊಂದೇ ಕೋರಿಕೆ. ಈ ಸಲ ಗದಾಯುದ್ಧಕ್ಕೇ ಪರದೆ ಇಳಿಸಬೇಡಿ. ಅಶ್ವತ್ಥಾಮನ ರಾತ್ರಿಯನ್ನೂ ಆಡಿಸಿ. ಅವನ ತಾಯಿ ತನ್ನಂತೆ ಅಳಬಾರದೆಂದು ಭಾಗವತದ ದ್ರೌಪದಿ ಸೆರೆಸಿಕ್ಕ ಅವನನ್ನು ಬಿಡಿಸುತ್ತಾಳಲ್ಲ, ಆ ದೃಶ್ಯವನ್ನು ನಿಮ್ಮೂರಿನ ಒಳ್ಳೆಯ ನಟಿಗೆ ಕೊಡಿ.