ಜಾಗ ನಮ್ಮದು, ನೋಟೀಸು ಯಾರ ಭಾಷೆಯಲ್ಲಿ?

ತಲಪಾಡಿಯಿಂದ ಚೆಂಗಳದ ತನಕ ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣಕ್ಕೆ ಜಾಗ ಹೋಗುವಾಗ ನಮ್ಮ ಶಾಲೆಗೆ ಮಕ್ಕಳ ಅಜ್ಜಂದಿರೂ ಬರತೊಡಗಿದ್ದರು. ಕೈಯಲ್ಲಿ ಮಲಯಾಳದ ನೋಟೀಸು. "ಮಾಷ್ಟ್ರೇ, ಇದರಲ್ಲಿ ಎಂತ ಬರೆದಿದ್ದಾರೆ?" ಬೆಲ್ಲು ಹೊಡೆದ ಮೇಲೂ ನಾವು ಸರ್ವೆ ನಂಬ್ರ ಓದಿ ಹೇಳುತ್ತಾ ಕೂತದ್ದುಂಟು.

ರಸ್ತೆ ಬೇಡವೆಂದು ನಾವು ಹೇಳುವುದಿಲ್ಲ. ಆದರೆ 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಂತೆ 3ಎ ಅಧಿಸೂಚನೆ ಪ್ರಕಟವಾದರೆ ಆಕ್ಷೇಪಕ್ಕೆ 21 ದಿನ ಮಾತ್ರ. ಅದರ ಸಾರಾಂಶ ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಬರಬೇಕು, ಒಂದು ದೇಶಭಾಷೆಯದ್ದಿರಬೇಕು. ಮಂಜೇಶ್ವರದ ದೇಶಭಾಷೆ ಯಾವುದು? ಕಾಯ್ದೆ ಹೆಸರಿಸುವುದಿಲ್ಲ. ಮಲಯಾಳದಲ್ಲಿ ಹಾಕಿದರೆ ಕಾನೂನಿನ ಲೆಕ್ಕ ಸರಿಯಾಯಿತು! ಓದಿ ಹೇಳುವವರನ್ನು ಹುಡುಕುವುದರಲ್ಲೇ ನಮ್ಮವರ ವಾರ ಕಳೆಯುತ್ತದೆ. 3ಡಿ ಘೋಷಣೆ ಪ್ರಕಟವಾದರೆ ಜಾಗ ಕೇಂದ್ರ ಸರಕಾರದ್ದು. ಉಳಿಯುವುದು ಪರಿಹಾರದ ಮಾತು.

ಅದಕ್ಕೂ ಕಾಗದ ಬೇಕು. ಆಧಾರ, ತೀರ್ವೆ ರಶೀದಿ, ಋಣಭಾರ ಪತ್ರ, ಜಾಗ ತೀರಿಕೊಂಡವರ ಹೆಸರಲ್ಲಿದ್ದರೆ ವಾರಸುದಾರರ ಪತ್ರ. ಒಬ್ಬ ಅಜ್ಜನ ಆಧಾರ 1956ಕ್ಕೆ ಮೊದಲಿನದು, ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಲದ್ದು, ಕನ್ನಡದಲ್ಲಿತ್ತು. ಮೇಜಿನ ಆಚೆ ಕೂತವರಿಗೆ ಆಧಾರ ಓದಲು ಬಾರದು, ಈಚೆ ನಿಂತವರಿಗೆ ನೋಟೀಸು ಓದಲು ಬಾರದು.

ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಕನ್ನಡ ಅಲ್ಪಸಂಖ್ಯಾತರು ತಮ್ಮ ಪ್ರದೇಶದ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಹಾಗಿರುವಾಗ ಜಾಗ ಕೊಂಡುಹೋಗುವ ಕಾಗದ ಮಾತ್ರ ಕನ್ನಡದಲ್ಲಿ ಯಾಕೆ ಬರಬಾರದು? ಇನ್ನು ನೋಟೀಸು ಬಂದರೆ ಕನ್ನಡ ಪ್ರತಿ ಬೇಕೆಂದು ಕನ್ನಡದಲ್ಲೇ ಬರೆದು ಕೊಡಿ, ರಶೀದಿ ಕೇಳಿ ಪಡೆಯಿರಿ. ಉತ್ತರಕ್ಕೆ ಕಾಯುತ್ತಾ ಮಾತ್ರ ಕೂರಬೇಡಿ, ಆಕ್ಷೇಪವನ್ನೂ ಅದರ ಜೊತೆಗೇ ಕೊಡಿ.